ಟೀನೇಜ್ ಕೊಲೆ ಸಿನಿಮಾ ಕೈಕೊಟ್ಟರೆ ದೋಷ ಎಲ್ಲಿ ಹುಡುಕಬೇಕು

"ಕ್ಲೈಮ್ಯಾಕ್ಸ್ ಹಾಳು ಮಾಡಿಬಿಟ್ರು." ಕೊಲೆ ರಹಸ್ಯದ ಸಿನಿಮಾ ಮುಗಿಸಿ ಎದ್ದವರು ಸಾಮಾನ್ಯವಾಗಿ ಹೇಳುವ ಮೊದಲ ಮಾತು ಇದು. ಬೇಸರ ಆಗಿದ್ದು ಕೊನೆಯ ಹದಿನೈದು ನಿಮಿಷದಲ್ಲಿ, ಹಾಗಾಗಿ ದೋಷವೂ ಅಲ್ಲೇ ಇರಬೇಕು ಅನ್ನುವ ಲೆಕ್ಕ. ನಾನು ಕರೆಂಟ್ ಕೆಲಸ ಮಾಡುವವನು. ಫ್ಯಾನ್ ತಿರುಗದಿದ್ದರೆ ಏಣಿ ಹಾಕಿ ನೇರ ಫ್ಯಾನನ್ನೇ ಬಿಚ್ಚುವುದಿಲ್ಲ, ಸ್ವಿಚ್‌ನಿಂದ ಶುರು ಮಾಡಿ ರೆಗ್ಯುಲೇಟರ್, ಕೆಪಾಸಿಟರ್ ಅಂತ ಒಂದೊಂದೇ ನೋಡಿಕೊಂಡು ಮೇಲಕ್ಕೆ ಹೋಗುತ್ತೇವೆ. ಇಂಥ ಸಿನಿಮಾಗಳನ್ನೂ ಹಾಗೇ ನೋಡಬೇಕು. ಕೊಲೆಗಾರ ಸಪ್ಪೆ ಅನಿಸಿದರೆ ಅದರ ಮೂಲ ಬಹುತೇಕ ಮೊದಲ ಅರ್ಧ ಗಂಟೆಯಲ್ಲಿ ಸಿಗುತ್ತದೆ.

ಉದಾಹರಣೆಗೆ ಈಚೆಗೆ ಗೋವಾದ ವಾಸ್ಕೋದ ನಮ್ಮ ಮನೆಯಲ್ಲಿ ಎಲ್ಲರೂ ಕೂತು ನೋಡಿದ ಒಂದು ಓಟಿಟಿ ಸಿನಿಮಾ ತಗೊಳ್ಳೋಣ. ಹೆಸರು ಬೇಡ, ಪಾಪ, ಹೊಸ ಹುಡುಗರು ಮಾಡಿದ್ದು. ಕಥೆ ಇಷ್ಟು. ಮುಂಬೈನ ಹನ್ನೆರಡನೇ ಕ್ಲಾಸಿನ ಆರು ಜನ ಗೋವಾಕ್ಕೆ ಬರುತ್ತಾರೆ, ಶಿವೊಲಿಯಲ್ಲಿ ಒಂದು ಹಳೇ ವಿಲ್ಲಾ. ಜೂನ್ 24, ಸಾಂಜಾಂವ್ ಹಬ್ಬ. ಊರೆಲ್ಲ ತಲೆಗೆ ಹೂವು ಎಲೆ ಹಣ್ಣಿನ ಕೊಪೆಲ್ ಅನ್ನುವ ಕಿರೀಟ ಕಟ್ಟಿಕೊಂಡು, ಘುಮಟ್ ಅನ್ನುವ ಮಣ್ಣಿನ ವಾದ್ಯ ಬಾರಿಸಿಕೊಂಡು, "ವಿವಾ ಸಾಂಜಾಂವ್" ಅಂತ ಕೂಗುತ್ತಾ ತುಂಬಿದ ಬಾವಿಗಳಿಗೆ ಹಾರುವ ದಿನ. ಮರುದಿನ ಬೆಳಿಗ್ಗೆ ಆರು ಜನರಲ್ಲಿ ಒಬ್ಬ ಹುಡುಗ ವಿಲ್ಲಾದ ಹಿಂದಿನ ಬಾವಿಯಲ್ಲಿ ಬೋರಲಾಗಿ ತೇಲುತ್ತಿರುತ್ತಾನೆ. ಪೊಲೀಸ್ ಬರುತ್ತಾರೆ, ಒಬ್ಬೊಬ್ಬರದೇ ಗುಟ್ಟು ಹೊರಬೀಳುತ್ತದೆ, ಕೊನೆಗೆ ಕೊಂದವಳು ಆ ಗುಂಪಿನ ಒಬ್ಬ ಹುಡುಗಿಯ ಅವಳಿ ಅಕ್ಕ. ಇಂಥ ಅಕ್ಕ ಒಬ್ಬಳಿದ್ದಾಳೆ ಅಂತ ನಮಗೆ ಗೊತ್ತಾಗುವುದೇ ಸಿನಿಮಾ ಮುಗಿಯಲು ಹನ್ನೆರಡು ನಿಮಿಷ ಇರುವಾಗ.

ಜಾಗ ನೋಡಿ ಎಂಥದು! ನೂರಾರು ಜನ ಒಂದೇ ಥರದ ಕಿರೀಟ ಹಾಕಿಕೊಂಡು ಕತ್ತಲಲ್ಲಿ, ಮಳೆಯಲ್ಲಿ, ನೀರಿಗೆ ಹಾರುವ ರಾತ್ರಿ. ಯಾರು ಹಾರಿದರು, ಯಾರು ಮೇಲೆ ಬಂದರು ಅಂತ ಲೆಕ್ಕ ಇಡುವವರು ಯಾರು? ಕೊಲೆ ಕಥೆ ಬರೆಯುವವನಿಗೆ ಇದಕ್ಕಿಂತ ಒಳ್ಳೇ ರಾತ್ರಿ ಸಿಗುವುದು ಕಷ್ಟ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ಹೇಗೆ ಕೆಡಿಸಿದರು ಅನ್ನುವುದೇ ಈ ಬರಹದ ವಿಷಯ.

ಮೊದಲು ಲಕ್ಷಣ ಸರಿಯಾಗಿ ಹೇಳಿ

"ಚೆನ್ನಾಗಿಲ್ಲ" ಅನ್ನುವುದು ಲಕ್ಷಣ ಅಲ್ಲ. ಕೊಲೆಗಾರ ಯಾರು ಅಂತ ಗೊತ್ತಾದ ಆ ಗಳಿಗೆಯಲ್ಲಿ ನಿಮ್ಮ ಬಾಯಿಂದ ಏನು ಬಂತು ನೆನಪಿಸಿಕೊಳ್ಳಿ.

"ಅಯ್ಯೋ, ಇದು ನಂಗೆ ಆಗಲೇ ಗೊತ್ತಿತ್ತು" ಅಂದಿದ್ದರೆ ಅನುಮಾನ ಪಡಲು ಬೇರೆ ಜನ ಇರಲಿಲ್ಲ ಅಂತ. ಉಳಿದವರನ್ನು ಸುಮ್ನೆ ಸೀಟು ತುಂಬಿಸಲು ಇಟ್ಟಿದ್ದಾರೆ. ಇದು ಸಣ್ಣ ದೋಷ.

"ಇವಳ್ಯಾರು?" ಅಂದಿದ್ದರೆ ಸುಳಿವು ಬಚ್ಚಿಟ್ಟಿದ್ದಾರೆ. ಇದು ಮೋಸ, ಕೆಳಗೆ ಬರುತ್ತೇನೆ.

ಮೂರನೆಯದು ಬಾಯಿಂದ ಬರುವುದೇ ಇಲ್ಲ. ಆ ಹೊತ್ತಿಗೆ ನೀವು ಫೋನ್ ನೋಡುತ್ತಿರುತ್ತೀರಿ, ಅಥವಾ ಕುಕ್ಕರ್ ಇಡಲು ಎದ್ದು ಹೋಗಿರುತ್ತೀರಿ. ಯಾರು ಕೊಂದರೆ ನನಗೇನು ಅನ್ನುವ ಸ್ಥಿತಿ. ಇದು ಎಲ್ಲಕ್ಕಿಂತ ಕೆಟ್ಟದ್ದು, ನಮ್ಮ ಸಿನಿಮಾಕ್ಕೆ ಬಂದ ರೋಗವೂ ಇದೇ. ಅವಳಿ ಅಕ್ಕನ ಮೇಲೆ ಎಲ್ಲರೂ ರೇಗಿದರು, ಆದರೆ ಅವಳು ಬರುವ ಹೊತ್ತಿಗೆ ನಮ್ಮ ಹಾಲ್‌ನಲ್ಲಿ ಅರ್ಧ ಜನ ಎದ್ದು ಹೋಗಿದ್ದರು. ಅಂದರೆ ಕರೆಂಟ್ ಅದಕ್ಕೂ ಮುಂಚೆಯೇ ಹೋಗಿದೆ.

ಸತ್ತವನ ಹೆಸರು ಕೇಳಿ

ಇದು ಸುಲಭದ ಪರೀಕ್ಷೆ. ಸಿನಿಮಾ ನೋಡಿದ ಮರುದಿನ ಯಾರನ್ನಾದರೂ ಕೇಳಿ: ಸತ್ತ ಹುಡುಗನ ಹೆಸರೇನು, ಅವನಿಗೆ ಏನು ಬೇಕಾಗಿತ್ತು? ನಮ್ಮ ಮನೆಯಲ್ಲಿ ಕೇಳಿದಾಗ ಬಂದ ಉತ್ತರ, "ಆ ನೀಲಿ ಶರ್ಟಿನವನು." ಏನು ಬೇಕಾಗಿತ್ತು ಅನ್ನುವುದಕ್ಕೆ ಉತ್ತರವೇ ಇಲ್ಲ.

ಮತ್ತೆ ಹಿಂದಕ್ಕೆ ಹೋಗಿ ನೋಡಿದರೆ ಕಾರಣ ಸಿಗುತ್ತದೆ. ಅವನು ಸಾಯುವ ತನಕ ಮಾಡಿದ ಕೆಲಸ ಎಂದರೆ ಎಲ್ಲರನ್ನೂ ಛೇಡಿಸಿದ್ದು, ಒಬ್ಬನ ಕಾಲರ್ ಹಿಡಿದಿದ್ದು, ಒಬ್ಬಳನ್ನು ಅಳಿಸಿದ್ದು. ಎಲ್ಲರಿಗೂ ಅವನನ್ನು ಕೊಲ್ಲಲು ಕಾರಣ ಇರಲಿ ಅಂತ ಅವನನ್ನು ಪೂರ್ತಿ ಕೆಟ್ಟವನಾಗಿ ಮಾಡಿದ್ದಾರೆ. ಬರೆಯುವವರಿಗೆ ಇದು ಅನುಕೂಲ, ಆದರೆ ನೋಡುವವರು "ಹೋದ್ರೆ ಹೋದ ಬಿಡು" ಅಂದುಬಿಡುತ್ತಾರೆ. ಅವನು ಒಂದೇ ಒಂದು ಸಲ ತಂಗಿಗೆ ಅಂತ ಮಾಪ್ಸಾ ಮಾರ್ಕೆಟ್‌ನಲ್ಲಿ ಏನೋ ಕೊಂಡು ಬ್ಯಾಗಿಗೆ ಹಾಕಿಕೊಂಡಿದ್ದರೆ, ಮರುದಿನ ಪೊಲೀಸರು ಆ ಬ್ಯಾಗ್ ತೆಗೆದಾಗ ನಮಗೆ ಏನಾದರೂ ಆಗುತ್ತಿತ್ತು. ಇಡೀ ಸಿನಿಮಾದಲ್ಲಿ ಅವನ ಬ್ಯಾಗನ್ನು ಯಾರೂ ತೆಗೆಯುವುದೇ ಇಲ್ಲ ಅನ್ನುವುದು ಬೇರೆ ಮಾತು.

ಸಣ್ಣ ಸುಳ್ಳು ಇದೆಯಾ ನೋಡಿ

ನನ್ನ ಪ್ರಕಾರ ಟೀನೇಜ್ ಕೊಲೆ ಸಿನಿಮಾಗಳು ಜಾಸ್ತಿ ಕೆಡುವುದು ಇಲ್ಲಿ. ದೊಡ್ಡವರ ಕೊಲೆ ಕಥೆಗೂ ಹುಡುಗರ ಕೊಲೆ ಕಥೆಗೂ ಇರುವ ವ್ಯತ್ಯಾಸವೂ ಇಲ್ಲೇ ಇದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಈ ಸಿನಿಮಾದಲ್ಲಿ ಉಳಿದ ಐದು ಜನರ ಗುಟ್ಟುಗಳೇನು? ಒಬ್ಬ ಡ್ರಗ್ಸ್ ಸಾಗಿಸುತ್ತಾನೆ. ಒಬ್ಬಳು ಲೆಕ್ಚರರ್ ಜೊತೆ ಸಂಬಂಧ ಇಟ್ಟುಕೊಂಡಿದ್ದಾಳೆ. ಒಬ್ಬನ ಅಪ್ಪನದು ಹವಾಲಾ ದಂಧೆ. ಒಬ್ಬಳು ಬ್ಲ್ಯಾಕ್‌ಮೇಲ್ ಮಾಡುತ್ತಾಳೆ. ಐದನೆಯವಳಿಗೆ ಅವಳಿ ಅಕ್ಕ. ಹದಿನೇಳು ವರ್ಷದವರ ಮೈಮೇಲೆ ನಲವತ್ತು ವರ್ಷದವರ ಗುಟ್ಟು ಹೊರಿಸಿದ್ದಾರೆ. ಕೇಳಲು ಭಾರೀ ಅನಿಸುತ್ತದೆ, ನಂಬಲು ಆಗುವುದಿಲ್ಲ.

ಆ ವಯಸ್ಸಿನಲ್ಲಿ ನಾವೆಲ್ಲ ಹೇಳಿದ ಸುಳ್ಳು ಯಾವುವು? ಕಂಬೈನ್ಡ್ ಸ್ಟಡಿ ಅಂತ ಹೇಳಿ ಸಿನಿಮಾಕ್ಕೆ ಹೋಗಿದ್ದು. ಟೆಸ್ಟ್ ಪೇಪರಿಗೆ ಅಪ್ಪನ ಸಹಿ ನಾವೇ ಹಾಕಿದ್ದು. ಗೆಳೆಯನ ಬೈಕ್ ಬೀಳಿಸಿ, ನಿಂತಿತ್ತು, ಯಾರೋ ಗುದ್ದಿದ್ರು ಅಂದಿದ್ದು. ಇವು ಯಾವುದಕ್ಕೂ ಜೈಲಿಲ್ಲ, ಆದರೆ ಆ ವಯಸ್ಸಿನಲ್ಲಿ ಜೈಲಿಗಿಂತ ಅಪ್ಪ-ಅವ್ವನಿಗೆ ಗೊತ್ತಾಗುವುದೇ ದೊಡ್ಡ ಭಯ ಅಲ್ವಾ. ಟೀನೇಜ್ ರಹಸ್ಯ ಕಥೆ ಓಡುವುದೇ ಈ ಭಯದ ಮೇಲೆ. ಮುಂದೆ ಹೆಣ ಬಿದ್ದಿರುತ್ತದೆ, ಪೊಲೀಸ್ ಪ್ರಶ್ನೆ ಕೇಳುತ್ತಿರುತ್ತಾರೆ, ಆದರೂ ಹುಡುಗ ಬಾಯಿ ಬಿಡುವುದಿಲ್ಲ, ಯಾಕೆಂದರೆ ನಿಜ ಹೇಳಿದರೆ ಕೊಲೆ ಆರೋಪದಿಂದ ತಪ್ಪಿಸಿಕೊಳ್ಳಬಹುದು ಆದರೆ ಮನೆಯಲ್ಲಿ ಸಿಕ್ಕಿಬೀಳುತ್ತಾನೆ.

ಇದೇ ಸಿನಿಮಾದಲ್ಲಿ ರಿಪೇರಿ ಮಾಡಿ ತೋರಿಸುತ್ತೇನೆ. ಒಬ್ಬ ಹುಡುಗ ವಿಲ್ಲಾದಿಂದ ರಾತ್ರಿ ಒಂದು ಗಂಟೆಗೆ ಬಾಡಿಗೆ ಸ್ಕೂಟರ್ ತಗೊಂಡು ಹೊರಗೆ ಹೋಗಿದ್ದಾನೆ ಅಂತಿಟ್ಟುಕೊಳ್ಳಿ. ದಾರಿಯಲ್ಲಿ ಅವನು ಒಬ್ಬರನ್ನು ನೋಡಿದ್ದಾನೆ, ಕೊಲೆಯ ಪೂರ್ತಿ ಕೀಲಿ ಅದೇ. ಪೊಲೀಸರು ಕೇಳಿದಾಗ "ಮಲಗಿದ್ದೆ" ಅನ್ನುತ್ತಾನೆ. ಯಾಕೆ? ಅವನಿಗೆ ಹದಿನೇಳು, ಲೈಸೆನ್ಸ್ ಇಲ್ಲ, ಅಣ್ಣನ ಲೈಸೆನ್ಸ್ ತೋರಿಸಿ ಸ್ಕೂಟರ್ ತಗೊಂಡಿದ್ದಾನೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದಮೇಲೆ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಅವರ ಪೋಷಕರು ಅಥವಾ ಗಾಡಿ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಇದು ಶಾಲೆಗಳಲ್ಲೂ ಹೇಳಿಕೊಟ್ಟಿರುತ್ತಾರೆ. ಹುಡುಗನ ತಲೆಯಲ್ಲಿ ಇರುವುದು ಒಂದೇ: ನಾನು ಬಾಯಿ ಬಿಟ್ಟರೆ ಅಪ್ಪ ಒಳಗೆ ಹೋಗ್ತಾರೆ. ಈಗ ನೋಡಿ, ಈ ಸುಳ್ಳಿಗೆ ಬೆಲೆ ಬಂತು. ಇನ್‌ಸ್ಪೆಕ್ಟರ್‌ಗೆ ಸುಳ್ಳು ಅಂತ ಗೊತ್ತಾಗುತ್ತದೆ, ಕಾರಣ ಗೊತ್ತಾಗುವುದಿಲ್ಲ, ಹಾಗಾಗಿ ಅನುಮಾನ ಅವನ ಮೇಲೆ ತಿರುಗುತ್ತದೆ. ಕೊಲೆಗಾರ ಆರಾಮಾಗಿ ಪಕ್ಕದಲ್ಲೇ ಚಹಾ ಕುಡಿಯುತ್ತಾ ಕೂತಿರುತ್ತಾನೆ.

ಇಂಥ ಸುಳ್ಳು ಗುಂಪಿನ ಪ್ರತಿಯೊಬ್ಬರಿಗೂ ಒಂದೊಂದು ಇರಬೇಕು. ಒಬ್ಬಳು ಮನೆಯಲ್ಲಿ ಪುಣೆಗೆ ಗೆಳತಿಯ ಅಕ್ಕನ ಮದುವೆ ಅಂತ ಹೇಳಿ ಬಂದಿದ್ದಾಳೆ, ಹಾಗಾಗಿ ಗೋವಾದಲ್ಲಿ ತೆಗೆದ ಯಾವ ಫೋಟೋದಲ್ಲೂ ಅವಳಿಲ್ಲ. ಪೊಲೀಸರಿಗೆ ಅದೇ ವಿಚಿತ್ರ ಅನಿಸುತ್ತದೆ. ಒಬ್ಬ ಚಿಕ್ಕಪ್ಪನ ವಿಲ್ಲಾದ ಬೀಗದ ಕೈ ಕೇಳದೆ ಎತ್ತಿಕೊಂಡು ಬಂದಿದ್ದಾನೆ, ಅದಕ್ಕೇ ಮುರಿದ ಕಿಟಕಿಯನ್ನು ರಾತ್ರೋರಾತ್ರಿ ಮುಚ್ಚಿಡುತ್ತಾನೆ. ಕೊಲೆಗೂ ಈ ಸುಳ್ಳುಗಳಿಗೂ ಸಂಬಂಧವೇ ಇಲ್ಲ, ಆದರೆ ಎಲ್ಲ ಸೇರಿ ಕೊಲೆಯನ್ನು ಮುಚ್ಚಿಬಿಡುತ್ತವೆ. ಹೀಗೆ ಮಾಡಿದರೆ ಸಿನಿಮಾದ ನಡುವಿನ ಒಂದು ಗಂಟೆ ತಾನಾಗೇ ಓಡುತ್ತದೆ. ಹವಾಲಾ ಬೇಕಾಗುವುದೇ ಇಲ್ಲ.

ಅವ್ವನ ಫೋನ್ ಬಂತಾ?

ಸಿನಿಮಾ ಅರ್ಧ ದಾಟಿತ್ತು. ಹೆಣ ಸಿಕ್ಕಿ, ಪೊಲೀಸ್ ಬಂದು, ಒಂದು ದಿನವೇ ಕಳೆದಿತ್ತು. ನನ್ನ ಅಕ್ಕನ ಮಗಳು, ಅವಳೂ ಹನ್ನೆರಡನೇ ಕ್ಲಾಸೇ, ಕಾಲು ಮಡಚಿಕೊಂಡು ಚುರುಮುರಿ ತಿನ್ನುತ್ತಾ ಕೂತವಳು ಇದ್ದಕ್ಕಿದ್ದಂತೆ ಕೇಳಿದಳು: "ಮಾಮಾ, ಇಷ್ಟೊತ್ತಾತು, ಒಬ್ಬರ ಅವ್ವನೂ ಫೋನ್ ಮಾಡಿಲ್ಲಲ್ಲ?"

ಎಲ್ಲರೂ ನಕ್ಕರು. ಆದರೆ ಅಲ್ಲಿಂದ ಮುಂದೆ ನಾವು ಯಾರೂ ಆ ಸಿನಿಮಾವನ್ನು ನಂಬಲಿಲ್ಲ. ನಮ್ಮಲ್ಲಿ ಮಗಳು ಟ್ಯೂಷನ್‌ನಿಂದ ಬರಲು ಹತ್ತು ನಿಮಿಷ ತಡವಾದರೆ ಫೋನ್ ಮೇಲೆ ಫೋನ್. ಅಂಥದ್ದರಲ್ಲಿ ಮಕ್ಕಳು ಬೇರೆ ರಾಜ್ಯದಲ್ಲಿದ್ದಾರೆ, ಟಿವಿಯಲ್ಲಿ ಸುದ್ದಿ ಬರುತ್ತಿದೆ, ಮುಂಬೈನ ಆರು ಮನೆಗಳಿಂದ ಯಾರೂ ಫೋನ್ ಮಾಡಿಲ್ಲ ಅಂದರೆ ಹೇಗೆ?

ಬರಹಗಾರರು ಅಪ್ಪ-ಅಮ್ಮನನ್ನು ತೆಗೆದುಹಾಕುವುದು ಹುಡುಗರು ಬಿಡುವಾಗಿ ಓಡಾಡಲಿ ಅಂತ. ಫೋನನ್ನೂ ಅದಕ್ಕೇ ತೆಗೆಯುತ್ತಾರೆ, "ಇಲ್ಲಿ ನೆಟ್‌ವರ್ಕ್ ಸಿಗಲ್ಲ" ಅಂತ ಒಂದು ಡೈಲಾಗ್ ಹಾಕಿ ಮುಗಿಸುತ್ತಾರೆ. ಶಿವೊಲಿ ಏನು ಕಾಡಾ? ಮಳೆಗಾಲದಲ್ಲಿ ಕರೆಂಟ್ ಹೋಗುತ್ತದೆ, ಅದು ನಿಜ, ನಮ್ಮ ಹೊಟ್ಟೆಪಾಡೇ ಅದು. ಆದರೆ ಪೂರ್ತಿ ಎರಡು ದಿನ ಆರು ಫೋನೂ ಸತ್ತಿರುವುದು ಅಂದರೆ ನಂಬಿಕೆ ಕಡಿದುಹೋಗುತ್ತದೆ. ಫೋನನ್ನು ಕಿತ್ತುಕೊಳ್ಳುವ ಬದಲು ಅದಕ್ಕೇ ಕೆಲಸ ಕೊಡಿ. ಸುಳ್ಳು ಹೇಳಿ ಬಂದ ಹುಡುಗಿಯ ಫೋನ್‌ಗೆ ಅವ್ವನ ವೀಡಿಯೋ ಕಾಲ್ ಬರುತ್ತದೆ, ಅವಳು ಮದುವೆ ಮನೆಯಲ್ಲಿದ್ದೀನಿ ಅಂತ ತೋರಿಸಲು ಗೋಡೆಯ ಪಕ್ಕ ನಿಂತು ಮಾತಾಡಬೇಕು, ಹಿಂದೆ ಘುಮಟ್ ಸದ್ದು. ಕೊಲೆಗಿಂತ ಆ ಕಾಲ್ ನೋಡುವಾಗಲೇ ಜಾಸ್ತಿ ಬೆವರು ಬರುತ್ತಿತ್ತು.

ಕಾನೂನೂ ಇದಕ್ಕೇ ಸಹಾಯ ಮಾಡುತ್ತದೆ. ಹದಿನೆಂಟು ತುಂಬದವರನ್ನು ಪೊಲೀಸರು ಹಿಡಿದರೆ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಲಾಕಪ್‌ಗೆ ಹಾಕುವಂತಿಲ್ಲ, ಇಪ್ಪತ್ನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿ ಮುಂದೆ ಕರೆದೊಯ್ಯಬೇಕು, ಮನೆಯವರಿಗೆ ತಿಳಿಸಲೇಬೇಕು. ಹೆಸರು, ಮುಖ ಯಾವುದನ್ನೂ ಮಾಧ್ಯಮದಲ್ಲಿ ತೋರಿಸುವಂತಿಲ್ಲ. ನಮ್ಮ ಸಿನಿಮಾದಲ್ಲಿ ಹುಡುಗನಿಗೆ ಕೋಳ ಹಾಕಿ ಲಾಕಪ್‌ನಲ್ಲಿ ಕೂರಿಸಿ, ಟಿವಿಯಲ್ಲಿ ಅವನ ಫೋಟೋ ಓಡಿಸಿದ್ದಾರೆ. ಕಾನೂನು ತಪ್ಪು ಅಂತ ಅಷ್ಟೇ ಅಲ್ಲ ನನ್ನ ತಕರಾರು. ಸರಿಯಾಗಿ ಮಾಡಿದ್ದರೆ ಮಾರನೇ ದಿನವೇ ಆರು ಜೋಡಿ ಅಪ್ಪ-ಅಮ್ಮ ಗೋವಾಕ್ಕೆ ಬಂದಿಳಿಯುತ್ತಿದ್ದರು, ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು, ಸತ್ತವನ ಅವ್ವ ಮತ್ತು ಅನುಮಾನ ಬಿದ್ದವನ ಅವ್ವ ಅಕ್ಕಪಕ್ಕ. ಮಕ್ಕಳ ಸುಳ್ಳೆಲ್ಲ ಒಂದೊಂದೇ ಹೊರಬರುತ್ತಿತ್ತು. ಆ ದೃಶ್ಯವನ್ನು ಬಿಟ್ಟು ಅವಳಿ ಅಕ್ಕನನ್ನು ತಂದರು!

ಸುಳಿವು: ಹಿಂದಕ್ಕೆ ಓಡಿಸಿ ನೋಡಿ

ಕೊಲೆಗಾರ ಗೊತ್ತಾದ ಮೇಲೆ ಸಿನಿಮಾವನ್ನು ಮತ್ತೆ ಮೊದಲಿಂದ ಓಡಿಸಿ. ಈ ಸಲ ಕೊಲೆಗಾರನ ಮೇಲೆ ಮಾತ್ರ ಕಣ್ಣಿಡಿ. ಒಳ್ಳೇ ಸಿನಿಮಾ ಆಗಿದ್ದರೆ ಎರಡನೇ ಸಲ ಜಾಸ್ತಿ ಖುಷಿ ಕೊಡುತ್ತದೆ, "ಅಲ್ಲೇ ಹೇಳಿದ್ದ, ನಾವೇ ನೋಡಲಿಲ್ಲ" ಅನಿಸುತ್ತದೆ. ಕೆಟ್ಟದಾಗಿದ್ದರೆ ಕೊಲೆಗಾರ ಹೆಚ್ಚು ಕಡಿಮೆ ಸಿನಿಮಾದಲ್ಲೇ ಇರುವುದಿಲ್ಲ.

ಇದು ಹೊಸ ತಕರಾರೇನಲ್ಲ. ಇಂಗ್ಲೆಂಡಿನಲ್ಲಿ ರೊನಾಲ್ಡ್ ನಾಕ್ಸ್ ಅಂತ ಒಬ್ಬ ಪಾದ್ರಿ ಇದ್ದರು, ಪತ್ತೇದಾರಿ ಕಥೆಗಳನ್ನೂ ಬರೆಯುತ್ತಿದ್ದರು. ಅವರು 1929ರಲ್ಲಿ ಇಂಥ ಕಥೆಗಳಿಗೆ ಹತ್ತು ನಿಯಮ ಮಾಡಿದರು. ಅಪರಾಧಿ ಕಥೆಯ ಮೊದಲ ಭಾಗದಲ್ಲೇ ಬಂದಿರಬೇಕು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಕೂಡಲೇ ತೋರಿಸಬೇಕು. ಹತ್ತನೆಯದು, ಮೊದಲೇ ಸೂಚನೆ ಕೊಡದೆ ಅವಳಿಗಳನ್ನು ತರಕೂಡದು. ಸುಮಾರು ನೂರು ವರ್ಷದ ಹಿಂದೆಯೇ ಒಬ್ಬ ಪಾದ್ರಿಗೆ ಅವಳಿ ಕಥೆಗಳು ಸಾಕಾಗಿ ಹೋಗಿದ್ದವು ಅಂದಮೇಲೆ ಈಗಿನವರಿಗೆ ಏನು ಹೇಳುವುದು.

ಅವಳಿ ತರಲೇಬಾರದು ಅಂತಲ್ಲ. ಮೊದಲ ಹತ್ತು ನಿಮಿಷದಲ್ಲಿ ಆ ಹುಡುಗಿಯ ಫೋನ್ ಅವಳ ಮುಖ ನೋಡಿ ಅನ್‌ಲಾಕ್ ಆಗುತ್ತದೆ, ಸಂಜೆ ಅದೇ ಫೋನ್ ಯಾರದೋ ಕೈಯಲ್ಲಿ ಹಾಗೇ ಅನ್‌ಲಾಕ್ ಆಗಿರುತ್ತದೆ, ನಾವು ಅವಳೇ ಅಂದುಕೊಂಡು ಸುಮ್ಮನಿರುತ್ತೇವೆ. ಅವಳಿಗಳ ಮುಖಕ್ಕೆ ಫೋನ್ ಮೋಸಹೋಗುವುದು ಗೊತ್ತಿರುವ ಸಂಗತಿ. ಇಷ್ಟು ತೋರಿಸಿದ್ದರೂ ಸಾಕಿತ್ತು.

ಬೇಕಂತಲೇ ಇಡದ ಸುಳಿವು

ಇದು ಸ್ವಲ್ಪ ವಿಚಿತ್ರ ದೋಷ, ಊರು ಗೊತ್ತಿರುವವರಿಗೆ ಮಾತ್ರ ಕಾಣುತ್ತದೆ.

ಗುಂಪಿನ ಒಬ್ಬ ಹುಡುಗ ಪೊಲೀಸರಿಗೆ ಹೇಳುತ್ತಾನೆ, ಹನ್ನೊಂದೂವರೆಗೆ ದಾಬೋಳಿ ವಿಮಾನ ನಿಲ್ದಾಣದಲ್ಲಿ ಗೆಳತಿಯನ್ನು ಬಿಟ್ಟು ಹನ್ನೆರಡಕ್ಕೆ ವಿಲ್ಲಾಕ್ಕೆ ವಾಪಸ್ ಬಂದೆ ಅಂತ. ಎದುರು ಮನೆಯ ಕಾಕಾ ಗದಗ ಕಡೆಯವರು, ಬಂದರಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅವರು ಸೆಟೆದು ಕೂತರು. "ಈ ಹುಡುಗ ಸುಳ್ಳ ಹೇಳಾಕತ್ತಾನ. ದಾಬೋಳಿಯಿಂದ ಶಿವೊಲಿಗೆ ಅರ್ಧ ತಾಸಿನ್ಯಾಗ ಹ್ಯಾಂಗ ಬರ್ತಾನ? ಇವನ ಕೊಂದಾನ ನೋಡ್ರಿ."

ಸರಿಯಾದ ಮಾತು. ನಲವತ್ತು ಕಿಲೋಮೀಟರಿಗೂ ಜಾಸ್ತಿ ದೂರ. ಜುವಾರಿ ಸೇತುವೆ ದಾಟಿ, ಪಣಜಿಯಲ್ಲಿ ಮಾಂಡವಿ ದಾಟಿ, ಮಾಪ್ಸಾ ಕಡೆಯಿಂದ ಹೋಗಬೇಕು, ಅದೂ ಜೂನ್ ಮಳೆಯಲ್ಲಿ. ಹಾಗಾಗಿ ನಮ್ಮ ಹಾಲ್‌ನಲ್ಲಿ ಎಲ್ಲರೂ ಅವನೇ ಕೊಲೆಗಾರ ಅಂತ ತೀರ್ಮಾನ ಮಾಡಿ ಮುಂದಿನ ಒಂದು ಗಂಟೆ ಅವನನ್ನೇ ನೋಡಿಕೊಂಡು ಕೂತೆವು. ಅವನಿಗೂ ಕೊಲೆಗೂ ಸಂಬಂಧವೇ ಇರಲಿಲ್ಲ! ಬರೆದವರಿಗೆ ದೂರ ಗೊತ್ತಿರಲಿಲ್ಲ, ಅಷ್ಟೇ.

ಸಿನಿಮಾದಲ್ಲಿ ಊರಿನ ತಪ್ಪುಗಳು ಇರುತ್ತವೆ, ಅದನ್ನೆಲ್ಲ ಹಿಡಿದು ಕೂರುವುದು ನನಗೆ ಇಷ್ಟ ಇಲ್ಲ. ಜೂನ್ ಕೊನೆಯಲ್ಲಿ ಬೀಚಿನಲ್ಲಿ ಶ್ಯಾಕ್‌ಗಳು, ಅಂದರೆ ಊಟ-ತಿಂಡಿಯ ಗುಡಿಸಲುಗಳು, ಝಗಮಗ ಅಂತ ನಡೆಯುತ್ತಿರುವುದನ್ನು ತೋರಿಸಿದ್ದಾರೆ, ಮಳೆಗಾಲಕ್ಕೆ ಅವನ್ನು ಬಿಚ್ಚಿಡುತ್ತಾರೆ ಅಂತ ಇಲ್ಲಿಯ ಮಗುವಿಗೂ ಗೊತ್ತು. ಹೋಗಲಿ, ಕಣ್ಣು ಮುಚ್ಚಿಕೊಳ್ಳಬಹುದು. ಆದರೆ ಕೊಲೆ ಕಥೆಯಲ್ಲಿ ಸಮಯ ಮತ್ತು ದೂರಕ್ಕೆ ಮಾತ್ರ ಮಾಫಿ ಇಲ್ಲ, ಯಾಕೆಂದರೆ ನೋಡುವವನ ಕೈಯಲ್ಲಿ ಲೆಕ್ಕ ಹಾಕಲು ಇರುವುದೇ ಅವೆರಡು. ಬರೆಯುವವರು ಯಾವ ಊರನ್ನಾದರೂ ತಗೊಳ್ಳಿ, ಅಲ್ಲಿಯ ಒಬ್ಬ ರಿಕ್ಷಾದವನಿಗೋ ಬೈಕ್ ಟ್ಯಾಕ್ಸಿ ಓಡಿಸುವ ಪೈಲಟ್‌ಗೋ ಕಥೆಯ ಸಮಯಗಳನ್ನು ಓದಿ ಹೇಳಿ. ಒಂದು ಚಹಾದಲ್ಲಿ ಕೆಲಸ ಮುಗಿಯುತ್ತದೆ.

ಹೆಣ ಏನು ಹೇಳುತ್ತದೆ

ಇಲ್ಲಿ ಬೇಗ ಮುಗಿಸಬೇಕು ಅಂದುಕೊಂಡಿದ್ದೆ, ಆದರೆ ಬಾವಿ ಇರುವುದರಿಂದ ಸ್ವಲ್ಪ ಹೇಳಲೇಬೇಕು.

ರಾತ್ರಿ ಎರಡಕ್ಕೆ ಬಾವಿಗೆ ಬಿದ್ದವನ ದೇಹ ಬೆಳಿಗ್ಗೆ ಆರಕ್ಕೆ ಮೇಲೆ ತೇಲುತ್ತಿರುತ್ತದೆ ಸಿನಿಮಾದಲ್ಲಿ. ನೀರಿನಲ್ಲಿ ಮುಳುಗಿ ಸತ್ತವರ ದೇಹ ಸಾಮಾನ್ಯವಾಗಿ ಮೊದಲು ಕೆಳಗೆ ಹೋಗುತ್ತದೆ, ಒಳಗೆ ಕೊಳೆತು ಗ್ಯಾಸ್ ತುಂಬಿದ ಮೇಲೆ ತೇಲುತ್ತದೆ. ನಮ್ಮಂಥ ಸೆಕೆಯ ಊರಲ್ಲೂ ಅದಕ್ಕೆ ಒಂದೆರಡು ದಿನ ಬೇಕು. ಇನ್ನು ಇನ್‌ಸ್ಪೆಕ್ಟರ್ ಬಂದು ದೇಹ ಮುಟ್ಟಿ "ಸತ್ತು ಸರಿಯಾಗಿ ನಾಲ್ಕು ಗಂಟೆ ಹತ್ತು ನಿಮಿಷ ಆಗಿದೆ" ಅನ್ನುತ್ತಾನೆ. ಹಾಗೆ ಹೇಳಲು ಯಾರಿಗೂ ಆಗುವುದಿಲ್ಲ. ದೇಹ ಸೆಟೆಯುವುದು ಸತ್ತ ಎರಡು ಮೂರು ಗಂಟೆಗೆ ದವಡೆ, ಕತ್ತಿನ ಕಡೆಯಿಂದ ಶುರುವಾಗಿ ಸುಮಾರು ಹನ್ನೆರಡು ಗಂಟೆಗೆ ಇಡೀ ಮೈಗೆ ಹರಡುತ್ತದೆ, ಸೆಕೆಯಲ್ಲಿ ಬೇಗ, ತಣ್ಣೀರಿನಲ್ಲಿ ನಿಧಾನ. ಡಾಕ್ಟರ್‌ಗಳು "ಇಷ್ಟರಿಂದ ಇಷ್ಟರೊಳಗೆ" ಅಂತ ಮಾತ್ರ ಹೇಳುತ್ತಾರೆ. ಕಥೆ ಬರೆಯುವವರಿಗೆ ಅದೇ ಒಳ್ಳೆಯದು, ಆ ಎರಡು ಮೂರು ಗಂಟೆಯ ಸಂದಿಯಲ್ಲೇ ಎಲ್ಲರ ಸುಳ್ಳನ್ನೂ ತುಂಬಬಹುದು.

ಇಲ್ಲಿ ಇನ್ನೊಂದು ಒಳ್ಳೇ ಅವಕಾಶ ಕೈತಪ್ಪಿದೆ. ಆ ವಿಲ್ಲಾದಲ್ಲಿ ಮುಂದೆ ಸ್ವಿಮ್ಮಿಂಗ್ ಪೂಲ್, ಹಿಂದೆ ಬಾವಿ, ಎರಡೂ ಇವೆ. ಬಾವಿ, ಕೆರೆ, ನದಿಯ ನೀರಿನಲ್ಲಿ ಡಯಾಟಮ್ ಅನ್ನುವ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಉಸಿರಾಡುತ್ತಲೇ ಮುಳುಗಿದರೆ ಅದು ಶ್ವಾಸಕೋಶದಿಂದ ರಕ್ತಕ್ಕೆ ಸೇರಿ ಮೂಳೆಯ ಮಜ್ಜೆವರೆಗೂ ಹೋಗುತ್ತದೆ. ಕ್ಲೋರಿನ್ ಹಾಕಿದ ಪೂಲಿನಲ್ಲಿ ಅದು ಸಿಗುವುದೇ ಅಪರೂಪ. ಮಜ್ಜೆಯಲ್ಲಿ ಬಾವಿಯ ಡಯಾಟಮ್ ಇಲ್ಲ ಅಂದರೆ, ಹುಡುಗ ಬಾವಿಯಲ್ಲಿ ಸತ್ತಿಲ್ಲ, ಪೂಲಿನಲ್ಲಿ ಸತ್ತವನನ್ನು ಯಾರೋ ತಂದು ಬಾವಿಗೆ ಹಾಕಿದ್ದಾರೆ ಅನ್ನುವ ಅನುಮಾನ ಹುಟ್ಟುತ್ತದೆ. ಕೋರ್ಟಿನಲ್ಲಿ ಈ ಪರೀಕ್ಷೆಯೊಂದನ್ನೇ ನೆಚ್ಚಿಕೊಳ್ಳಲು ಆಗುವುದಿಲ್ಲ, ಆದರೆ ಇನ್‌ಸ್ಪೆಕ್ಟರ್ ಹುಬ್ಬು ಗಂಟಿಕ್ಕಲು ಸಾಕು. ಬಾಂಬೋಳಿಯ ಮೆಡಿಕಲ್ ಕಾಲೇಜಿನಿಂದ ಆ ಒಂದು ಸಾಲಿನ ವರದಿ ಬಂದಿದ್ದರೆ, ರಾತ್ರಿ ಸಾಂಜಾಂವ್ ಗಲಾಟೆಯಲ್ಲಿ ಬಾವಿಗೆ ಹಾರಿದ ನೂರು ಜನರನ್ನು ಬಿಟ್ಟು ಕಥೆ ವಿಲ್ಲಾದ ಒಳಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿತ್ತು.

ತಪ್ಪು ದೂರುಗಳು

ಈ ಮುಂದಿನವು ಕೇಳಿಬರುವ ಕಾರಣಗಳು, ನನಗೆ ಅಷ್ಟು ಒಪ್ಪಿಗೆ ಇಲ್ಲ.

ದುಡ್ಡಿರಲಿಲ್ಲ. 2005ರಲ್ಲಿ ಬಂದ 'ಬ್ರಿಕ್' ಅನ್ನುವ ಅಮೆರಿಕನ್ ಸಿನಿಮಾ ಹೈಸ್ಕೂಲ್ ಹುಡುಗರ ಕೊಲೆ ಕಥೆಯೇ. ನಿರ್ದೇಶಕ ರಯಾನ್ ಜಾನ್ಸನ್‌ಗೆ ಅದು ಮೊದಲ ಸಿನಿಮಾ. ತಾನೇ ಓದಿದ ಶಾಲೆಯಲ್ಲಿ ಶೂಟ್ ಮಾಡಿ, ಐದು ಲಕ್ಷ ಡಾಲರಿಗೂ ಕಡಿಮೆ ಖರ್ಚಿನಲ್ಲಿ, ಮನೆಯ ಕಂಪ್ಯೂಟರಿನಲ್ಲೇ ಎಡಿಟ್ ಮಾಡಿ ಮುಗಿಸಿದರು. ಹಾಲಿವುಡ್ ಲೆಕ್ಕಕ್ಕೆ ಅದು ಚಿಲ್ಲರೆ ಕಾಸು. ನಮ್ಮ ಸಿನಿಮಾದವರು ಡ್ರೋನ್ ಶಾಟ್‌ಗೆ ಹಾಕಿದ ದುಡ್ಡಿನಲ್ಲಿ ಕಥೆಯನ್ನು ಇನ್ನೆರಡು ಸಲ ತಿದ್ದಿ ಬರೆಸಬಹುದಿತ್ತು.

ಸರ್ಟಿಫಿಕೇಟ್‌ಗಾಗಿ ರಕ್ತ ಕಮ್ಮಿ ಮಾಡಿದ್ದಾರೆ. ಓಟಿಟಿಯಲ್ಲಿ 2021ರ ನಿಯಮಗಳಿಂದ 7+, 13+, 16+ ಅಂತ ವರ್ಗ ಮಾಡುತ್ತಾರೆ, ಥಿಯೇಟರ್ ಸಿನಿಮಾಗಳಿಗೂ 2024ರ ನವೆಂಬರ್‌ನಿಂದ ಅದೇ ಥರ ಬಂದಿದೆ. ಹುಡುಗರು ನೋಡಬೇಕಾದ ಸಿನಿಮಾಕ್ಕೆ ಎ ಬಂದರೆ ಹುಡುಗರೇ ನೋಡುವಂತಿಲ್ಲ, ಹಾಗಾಗಿ ಕತ್ತರಿ ಹಾಕುತ್ತಾರೆ, ನಿಜ. ಆದರೆ ಕುತೂಹಲಕ್ಕೆ ರಕ್ತ ಬೇಕಿಲ್ಲ.

ಹೊಸ ನಟರು. ಇಲ್ಲ, ಹುಡುಗರು ಚೆನ್ನಾಗೇ ಮಾಡಿದ್ದಾರೆ, ಅವರ ಬಾಯಿಗೆ ಕೊಟ್ಟ ಮಾತುಗಳು ಕೆಟ್ಟದಾಗಿದ್ದವು. ಹದಿನೇಳರ ಹುಡುಗಿ "ಸತ್ಯ ಯಾವತ್ತೂ ನೀರಿನ ಮೇಲೆ ಬರುತ್ತದೆ" ಅಂತ ಬಾವಿ ಕಟ್ಟೆ ಮೇಲೆ ಕೂತು ಹೇಳಿದರೆ ಯಾವ ನಟಿ ತಾನೇ ಏನು ಮಾಡ್ತಾಳೆ.

ನೀವೇ ಮಾಡುವುದಾದರೆ

ನಮ್ಮ ಕನ್ನಡ ಬಳಗದ ನಾಲ್ಕೈದು ಹುಡುಗರು ಫೋನಿನಲ್ಲೇ ಒಂದು ಕಿರುಚಿತ್ರ ಮಾಡುತ್ತೇವೆ ಅಂತ ಹೊರಟಿದ್ದಾರೆ, ಕೊಲೆಯೇ ಬೇಕಂತೆ. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಸ್ಕ್ರಿಪ್ಟ್ ಬರೆಯುವ ಮೊದಲು ಒಂದು ದೊಡ್ಡ ಹಾಳೆ ತಗೊಳ್ಳಿ. ಎಡಕ್ಕೆ ಮೇಲಿಂದ ಕೆಳಗೆ ಹೆಸರುಗಳು, ಸತ್ತವನದೂ ಸೇರಿಸಿ. ಮೇಲೆ ಅಡ್ಡಕ್ಕೆ ಗಂಟೆಗಳು, ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ. ಪ್ರತಿ ಚೌಕದಲ್ಲಿ ಅವರು ನಿಜವಾಗಿ ಎಲ್ಲಿದ್ದರು ಅಂತ ನೀಲಿ ಪೆನ್ನಿನಲ್ಲಿ, ಎಲ್ಲಿದ್ದೆ ಅಂತ ಹೇಳಿದರು ಅನ್ನುವುದು ಕೆಂಪು ಪೆನ್ನಿನಲ್ಲಿ. ಕೆಂಪು-ನೀಲಿ ಬೇರೆ ಬೇರೆ ಇರುವ ಚೌಕದ ಪಕ್ಕ, ಆ ಸುಳ್ಳು ಮನೆಯಲ್ಲಿ ಯಾರಿಗೆ ಗೊತ್ತಾಗಬಾರದು ಅಂತ ಒಂದು ಹೆಸರು ಬರೆಯಿರಿ: ಅಪ್ಪ, ಅವ್ವ, ಅಜ್ಜಿ, ಕ್ಲಾಸ್ ಟೀಚರ್. ಹೆಸರು ಬರೆಯಲು ಆಗದಿದ್ದರೆ ಆ ಸುಳ್ಳು ತೆಗೆದುಹಾಕಿ. ಕೊಲೆಗಾರನ ಸಾಲಿನಲ್ಲಿ ಮಾತ್ರ ಕೆಂಪು ಕಮ್ಮಿ ಇರಬೇಕು, ಅವನು ಹೆಚ್ಚಾಗಿ ನಿಜವನ್ನೇ ಹೇಳಿರಬೇಕು.

ಪೊಲೀಸ್ ಪಾತ್ರ ಬೇಡ. ಯೂನಿಫಾರ್ಮ್ ಬಾಡಿಗೆಗೆ ತಂದರೂ ಹೊಟ್ಟೆಗೆ ಸರಿಹೋಗುವುದಿಲ್ಲ, ಎಲ್ಲರೂ ನಗುತ್ತಾರೆ. ಪ್ರಶ್ನೆ ಕೇಳುವುದಕ್ಕೆ ಒಬ್ಬ ಅಕ್ಕ ಸಾಕು, ಅವಳಿಗೆ ಯಾರೂ ಸುಳ್ಳು ಹೇಳಿ ಗೆದ್ದಿಲ್ಲ.

ಬಾವಿಯ ಹತ್ತಿರ ಶೂಟಿಂಗ್ ಬೇಡವೇ ಬೇಡ, ಮಳೆಗಾಲದಲ್ಲಂತೂ ಕಟ್ಟೆಯೆಲ್ಲ ಪಾಚಿ. ನೀರಿನ ಸದ್ದನ್ನು ಮನೆಯಲ್ಲಿ ಬಕೆಟ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಿ. ಡೈಲಾಗ್ ಕೂಡ ಆಮೇಲೆ ಡಬ್ ಮಾಡಿ, ತಗಡಿನ ಮೇಲೆ ಬೀಳುವ ಮಳೆ ಸದ್ದಿನಲ್ಲಿ ಫೋನ್ ಮೈಕ್‌ಗೆ ಏನೂ ಕೇಳುವುದಿಲ್ಲ. ಕರೆಂಟ್ ಹೋಗುವ ಸೀನ್ ಇದ್ದರೆ ನನಗೆ ಹೇಳಿ, ಮೇನ್ ಸ್ವಿಚ್ ನಾನೇ ಬಂದು ಆಫ್ ಮಾಡಿ ಕೊಡುತ್ತೇನೆ, ನೀವು ಕೈ ಹಾಕಬೇಡಿ.